ಆಕಾಶಕ್ಕೆ ಹೋಗುವ ವಾಲ್ವು, ಬೈಲಪ್ಪನವರ ಬಾವಿ

ದೊಡ್ಡನೆಕ್ಕುಂದಿಯ ಬೈಲಪ್ಪನವರ ಬಗ್ಗೆ ಬರೆಯಲು ನನಗೆ ಯೋಗ್ಯತೆ ಇಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ವಿನಯ ನನ್ನ ಜಾಯಮಾನದಲ್ಲೇ ಇಲ್ಲ. ಪೂರ್ತಿ ಓದಿದ ಮೇಲೆ ನೀವೇ ಒಪ್ಪುತ್ತೀರಿ. ಆದರೆ ಅವರ ಬಗ್ಗೆ ಬರೆಯುವವರು ಬೇರೆ ಯಾರಿದ್ದಾರೆ? ಪೇಪರಿನಲ್ಲಿ ಹೆಸರು ಬಂದ ಮನುಷ್ಯರಲ್ಲ ಅವರು. ಹನ್ನೊಂದು ಶೀಟಿನ ಮನೆಗಳ ಒಂದು ವಠಾರ, ಅದರ ನಡುವೆ ಒಂದು ಬಾವಿ, ಇಷ್ಟಕ್ಕೆ ಯಜಮಾನರು. ನಾನು ಶಿವಪುತ್ರ, ಆ ವಠಾರದ ಏಳನೇ ಮನೆಯಲ್ಲಿ ಬಾಡಿಗೆಗಿದ್ದವನು.

ನಾನು ಆಳಂದದ ಕಡೆಯವನು. 1996ರಲ್ಲಿ ಬೆಂಗಳೂರಿಗೆ ಬಂದು ಶಿವಾಜಿನಗರದಲ್ಲಿ ಅಹ್ಮದ್ ಪಾಷಾ ಎಂಬವರ ಲೇತ್ ಅಂಗಡಿಯಲ್ಲಿ ಕೆಲಸ ಕಲಿತೆ. ನಾಲ್ಕು ವರ್ಷ ಅವರ ಬೈಗುಳ ತಿಂದು ಕೈ ಕುದುರಿದ ಮೇಲೆ ದೊಡ್ಡನೆಕ್ಕುಂದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಚಂದ್ರಾಮಪ್ಪನವರ ವರ್ಕ್‌ಶಾಪಿಗೆ ಸೇರಿದೆ. ಹೊಸದಾಗಿ ಮದುವೆಯಾಗಿತ್ತು, ಮನೆ ಬೇಕಿತ್ತು. ಹೋದಲ್ಲೆಲ್ಲ ಯಾವ ಜನ, ಊರಿಂದ ಎಷ್ಟು ಮಂದಿ ಬಂದು ಬೀಳ್ತಾರೆ ಎಂದೇ ವಿಚಾರಣೆ. ಬೈಲಪ್ಪನವರು ಕೇಳಿದ್ದು ಒಂದೇ ಪ್ರಶ್ನೆ.

“ಬಿಂದಿಗೆ ತಳ ತೊಳೆದು ಬಾವಿಕಟ್ಟೆ ಮೇಲಿಡೋ ಅಭ್ಯಾಸ ಐತಾ, ಇಲ್ವಾ?”

“ಅದ ರೀ,” ಎಂದಳು ನನ್ನ ಹೆಂಡತಿ ಕಾವೇರಿ. ಅಷ್ಟಕ್ಕೇ ಬೀಗದ ಕೈ ಕೊಟ್ಟರು.

ನಾನು ನಮ್ಮ ಕಡೆ ಚಿಕ್ಕಪ್ಪನಿಗೆ ಅನ್ನುವಂತೆ ಅವರನ್ನು ಕಾಕಾ ಎಂದು ಕರೆದೆ. “ಕಾಕಾ ಅಂದ್ರೆ ನಮ್ಮಲ್ಲಿ ಟೀ ಅಂಗ್ಡಿಯೋನು ಕಣಯ್ಯ,” ಎಂದು ಗದರಿದರು. ನಾನು ಬಿಡಲಿಲ್ಲ. ಒಂದು ತಿಂಗಳಿಗೆ ವಠಾರದ ಹನ್ನೊಂದು ಮನೆಯವರೂ ಕಾಕಾ ಎನ್ನತೊಡಗಿದರು, ಅವರೂ ಓಗೊಡತೊಡಗಿದರು.

ಆ ಬಾವಿ ಅವರ ಅಪ್ಪನ ಕಾಲದ್ದು. ಸುತ್ತ ದ್ರಾಕ್ಷಿ ತೋಟವಿತ್ತಂತೆ. ಕಾರ್ಖಾನೆಗಳಿಗೆಂದು ಜಮೀನು ಹೋದಾಗ ಬಾವಿ ಮತ್ತು ಎಂಟು ಗುಂಟೆ ಮಾತ್ರ ಉಳಿಯಿತು. ತೋಟದ ಮೇಲೆ ಎದ್ದ ಕಾರ್ಖಾನೆಯಲ್ಲೇ ಬೈಲಪ್ಪನವರು ಮಾಲಿಯ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ ಹುಲ್ಲು ಕತ್ತರಿಸಿದರು. ಇದನ್ನು ಹೇಳುವಾಗ ಅವರಿಗೆ ದುಃಖವೇನೂ ಇರುತ್ತಿರಲಿಲ್ಲ. ರಿಟೈರಾದ ಮೇಲೂ ಅದೇ ಖಾಕಿ ಅಂಗಿ ಹಾಕಿಕೊಂಡು ಬಾವಿಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರ ಹೆಂಡತಿ ಶೇಷಮ್ಮ, “ಈ ಬಾವೀನೇ ಕಟ್ಕೊಂಡಿದ್ರೆ ಆಗ್ತಿತ್ತು, ನನ್ನ ಯಾಕೆ ಕಟ್ಕೊಂಡ್ರೋ,” ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

ಬಾವಿಗೆ ಅವರದೇ ಕಾನೂನುಗಳಿದ್ದವು. ಕಟ್ಟೆಯ ಹತ್ತು ಹೆಜ್ಜೆಯೊಳಗೆ ಸೋಪು ತರುವಂತಿಲ್ಲ. ಚಪ್ಪಲಿ ದೂರದಲ್ಲಿ ಬಿಡಬೇಕು. ಒಳಗೆ ಹನ್ನೆರಡು ಕಲ್ಲಿನ ಮೆಟ್ಟಿಲು. ನೀರು ಏಳನೇ ಮೆಟ್ಟಿಲಿಗೆ ಇಳಿದರೆ ಮನೆಗೆ ಎರಡೇ ಬಿಂದಿಗೆ. ನೀರು ಇದೆಯಲ್ಲ ಕಾಕಾ ಎಂದರೆ, “ಐತೆ, ಬರೋ ವರ್ಷಕ್ಕೂ ಇರ್ಲಿ ಅಂತ ಐತೆ,” ಎನ್ನುತ್ತಿದ್ದರು. ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕರ್ ಓಡುತ್ತಿದ್ದ ಬೇಸಿಗೆಗಳಲ್ಲೂ ನಮ್ಮ ವಠಾರದಲ್ಲಿ ನೀರು ನಿಂತಿದ್ದು ಈ ಬಿಗಿಯಿಂದಲೇ.

ಎಲ್ಲಕ್ಕಿಂತ ದೊಡ್ಡ ಕಾನೂನು ಮೊದಲ ಬೊಗಸೆಯದು. ಬೆಳಿಗ್ಗೆ ಅವರು ಒಂದು ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿದು, ಬಾಯಿ ಚಪ್ಪರಿಸಿ “ಹೂಂ” ಎಂದ ಮೇಲೆಯೇ ಬೇರೆಯವರು ಹಗ್ಗ ಮುಟ್ಟಬೇಕು. ಬಾಡಿಗೆಗೆ ಬಂದವರ ಬಾಯಿಗೆ ಹೋಗುವ ನೀರು, ಮೊದಲು ನನ್ನ ಹೊಟ್ಟೆಗೆ ಹೋಗಲಿ ಎಂಬುದು ಅವರ ಲೆಕ್ಕ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಬಂದು ಕುಡಿದು ಹೋಗಿದ್ದನ್ನು ನಾನೇ ನೋಡಿದ್ದೇನೆ.

2005ರಲ್ಲಿ ನಮ್ಮ ವರ್ಕ್‌ಶಾಪಿಗೆ ಹೊರದೇಶದ ಒಂದು ಆರ್ಡರ್ ಬಂತು. ದುಡ್ಡಿದ್ದವರನ್ನು ಪ್ರವಾಸಕ್ಕೆಂದು ಬಾಹ್ಯಾಕಾಶಕ್ಕೆ ಕರೆದೊಯ್ಯುವ ಕಂಪನಿ. ಅವರ ವಾಹನದ ಪರೀಕ್ಷೆಗೆ ಬೇಕಾದ ಒಂದು ವಾಲ್ವಿನ ಹೊರಕವಚ, ಅಂಗೈ ಅಗಲದ್ದು. ಅಯ್ಯೋ, ನನ್ನ ಜಂಬ ಏನು ಕೇಳುತ್ತೀರಿ! ಊರಿಗೆ ಫೋನ್ ಮಾಡಿ, ನಾನು ಮಾಡಿದ ಸಾಮಾನು ಆಕಾಶಕ್ಕೆ ಹೋಗುತ್ತದೆ ಎಂದೆ. ನಮ್ಮ ಓಣಿಯಲ್ಲಿ ಅದು ಬಾಯಿಂದ ಬಾಯಿಗೆ ಬೆಳೆದು, ಶಿವಪುತ್ರನೇ ಆಕಾಶಕ್ಕೆ ಹೋಗುತ್ತಾನಂತೆ ಎಂಬಲ್ಲಿಗೆ ಮುಟ್ಟಿತು. ನಾನು ತಿದ್ದಲಿಲ್ಲ.

ಆ ಕಂಪನಿಯ ಒಬ್ಬ ಬಿಳಿ ಎಂಜಿನಿಯರ್ ಬಂದು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದ. ಆರು ಜನ ಕುರ್ಚಿ ಬಿಟ್ಟು ತೇಲುತ್ತಾರೆ, ಕಿಟಕಿಯಲ್ಲಿ ಭೂಮಿ ಬಾಗಿ ನೀಲಿಯಾಗಿ ಕಾಣುತ್ತದೆ. ಮೇಲಿಂದ ಒಮ್ಮೆ ಭೂಮಿಯನ್ನು ನೋಡಿದವರು ಕೆಳಗೆ ಬಂದು ಅದನ್ನು ಕಾಪಾಡಲು ನಿಲ್ಲುತ್ತಾರೆ ಎಂದ. ಕೊಟ್ಟ ಪುಸ್ತಿಕೆಯ ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಮುಂದಿನ ಪೀಳಿಗೆಗಳ ಮಾತು. ನನ್ನ ಇಂಗ್ಲಿಷು ಕೆಲಸಕ್ಕೆ ಸಾಕಾಗುವಷ್ಟು. ಅಷ್ಟರಲ್ಲೇ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಭಾನುವಾರ ಬಾವಿಕಟ್ಟೆಯ ಮೇಲೆ ಕೂತು ಬೈಲಪ್ಪನವರಿಗೆ ಒಪ್ಪಿಸಿದೆ.

“ಎಷ್ಟೊತ್ತು ಇರ್ತಾರೆ ಮೇಲೆ?” ಎಂದರು.

“ತೇಲೋದು ನಾಕೈದು ನಿಮಿಷ ಕಾಕಾ.”

“ಅಷ್ಟೇನಾ! ಹಲಸೂರು ಕೆರೇಲಿ ದೋಣಿಯೋನು ಅರ್ಧ ಗಂಟೆ ಸುತ್ತಿಸ್ತಾನಲ್ಲೋ.”

ನಾನು ನಕ್ಕೆ. ಅವರು ನಗಲಿಲ್ಲ. “ಅದರ ಹೊಗೆ?” ಎಂದು ಕೇಳಿದರು.

“ಆಕಾಶ ಎಷ್ಟು ದೊಡ್ಡದದ ಕಾಕಾ. ಎಲ್ಲೋ ಹೋಗ್ತದ.”

“ಇಲ್ಲಿ ಫ್ಯಾಕ್ಟರಿ ಹೊಗೇನ ಮಳೆ ಬಂದು ಕೆಳಕ್ಕೆ ತೊಳೀತದೆ. ಮೋಡಕ್ಕಿಂತ ಎಷ್ಟೋ ಮೇಲೆ ಅಂತೀಯ. ಅಲ್ಲಿ ಮಳೆ ಎಲ್ಲಿಂದ ಬರ್ಬೇಕು? ಅದು ಅಲ್ಲೇ ಕೂತಿರ್ತದೆ. ಒಬ್ರು ಇಬ್ರು ಹೋದ್ರೆ ಸರಿ, ಮುಂದೆ ದಿನಾ ಬಸ್ ಥರ ಹೋಗ್ತಾರೆ ಅಂತ ನೀನೇ ಹೇಳ್ದೆ. ಆಗ ಯಾರು ತೊಳೀತಾರೆ, ನೀನಾ?”

ಮರುದಿನ ಎಂಜಿನಿಯರನ್ನು ಕೇಳಿದೆ, ತಮಾಷೆಗೆಂದೇ. ಅವನು ಪೆನ್ನು ತಿರುಗಿಸುತ್ತ, ಈಗ ಹೋಗುವವರು ತೀರಾ ಕಡಿಮೆ, ವರ್ಷಕ್ಕೆ ಸಾವಿರ ಸಲ ಹಾರಿದರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲ, ಯಾರೂ ಇನ್ನೂ ಅಳೆದಿಲ್ಲ ಎಂದ. ಸಂಜೆ ಬೈಲಪ್ಪನವರು ವಿಚಾರಿಸಿದಾಗ ನಾನು ಹೇಳಿದ್ದು ಬೇರೆ. “ಎಲ್ಲಾ ಲೆಕ್ಕ ಹಾಕ್ಯಾರ ಕಾಕಾ, ಏನೂ ಆಗಂಗಿಲ್ಲ.” ಅವರು ನಂಬಿದರು. ಓದಿದವನು, ಕಾರ್ಖಾನೆಯವನು ಹೇಳಿದನಲ್ಲ ಎಂದು ನಂಬಿದರು. ಅದೇ ನಾನು ಅವರಿಗೆ ಹೇಳಿದ ಮೊದಲ ಸುಳ್ಳು, ಹೇಳುವಾಗ ನಾಲಿಗೆ ತೊದಲಲೂ ಇಲ್ಲ.

ಆ ವಾಲ್ವಿನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಅದರೊಳಗೆ ಆಮ್ಲಜನಕ ಹರಿಯುವುದರಿಂದ ಎಣ್ಣೆಯ ಪಸೆ ಒಂದಿಷ್ಟೂ ಇರಕೂಡದು, ಇದ್ದರೆ ಬೆಂಕಿ. ಹಾಗಾಗಿ ಕತ್ತರಿಸಿ ಮುಗಿದ ಮೇಲೆ ಪ್ರತಿಯೊಂದನ್ನೂ ಜಿಡ್ಡು ಕರಗಿಸುವ ಸಾಲ್ವೆಂಟಿನಲ್ಲಿ ಮುಳುಗಿಸಿ ತೊಳೆಯಬೇಕು. ಸಿಹಿ ಸಿಹಿ ವಾಸನೆಯ, ನೀರಿನಂತೆ ಕಾಣುವ ದ್ರವ. ಅಂಗೈ ಮೇಲೆ ಒಂದು ಹನಿ ಬಿದ್ದರೆ ತಣ್ಣಗಾಗಿ ಕ್ಷಣದಲ್ಲಿ ಆರಿಹೋಗುತ್ತದೆ. ತೊಳೆದು ಕೊಳೆಯಾದದ್ದನ್ನು ಡ್ರಮ್ಮಿನಲ್ಲಿ ತುಂಬಿ ಮುಚ್ಚಿಡಬೇಕು, ಅದನ್ನು ಒಯ್ಯುವುದಕ್ಕೇ ಪರವಾನಗಿ ಇದ್ದ ಒಂದು ಗಾಡಿ ಬರುತ್ತಿತ್ತು. ಈ ಕೆಲಸವೆಲ್ಲ ನನ್ನ ಜವಾಬ್ದಾರಿ.

2006ರ ಆಯುಧಪೂಜೆ ಭಾನುವಾರ ಬಂದಿತ್ತು. ನಮ್ಮ ಕಡೆ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಹಿಂದಿನ ದಿನ ಇಡೀ ಶೆಡ್ಡನ್ನು ತೊಳೆದು ಒರೆಸುತ್ತೇವೆ. ಲೇತಿನ ಸಂದಿಯ ಚೂರುಗಳು, ಹಳೆ ಎಣ್ಣೆ, ಚಿಂದಿಬಟ್ಟೆ, ಒಂದೂ ಒಳಗೆ ಉಳಿಯಬಾರದು. ಕೊಳೆ ಇಟ್ಟುಕೊಂಡು ಯಂತ್ರಕ್ಕೆ ಕುಂಕುಮ ಹಚ್ಚಿದರೆ ವರ್ಷವೆಲ್ಲ ಕೈಗೆ ಪೆಟ್ಟು ಎಂದು ನಾವು ನಂಬುತ್ತೇವೆ. ಬಾಳೆಕಂದು ಕಟ್ಟಿ ಕುಂಬಳಕಾಯಿ ಇಡಬೇಕಾದ ಜಾಗದಲ್ಲೇ ಆ ಡ್ರಮ್ಮು ಅರ್ಧ ತುಂಬಿ ಕೂತಿತ್ತು. ಗಾಡಿಯವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಅಲಂಕಾರ ಮಾಡಿದ ಮೇಲೆ ಫೋಟೋ ತೆಗೆದು ಹೊರದೇಶಕ್ಕೆ ಕಳಿಸುವುದು ಬೇರೆ ಇತ್ತು.

ಚಂದ್ರಾಮಪ್ಪನವರು ಚೆಲ್ಲು ಎನ್ನಲಿಲ್ಲ. ಅವರ ತಲೆಗೆ ಕಟ್ಟಲು ನನಗೆ ಬಾಯಿಯಿಲ್ಲ. “ಪೂಜೆ ಹೊತ್ತಿಗೆ ಶೆಡ್ ಕ್ಲೀನಾಗಿರ್ಬೇಕು,” ಎಂದಷ್ಟೇ ಹೇಳಿ ಹೂವು ತರಲು ಹೋದರು. ಮಟಮಟ ಮಧ್ಯಾಹ್ನ ನಾನೇ ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಹಿಂದಿನ ಮಣ್ಣಿನ ಚರಂಡಿಗೆ ಬಗ್ಗಿಸಿದೆ. ಮುಚ್ಚಳ ಹಾಕಿ ಹೊರಗೆ ನಿಲ್ಲಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮರುದಿನ ಬರುವ ಜನರ ಕಣ್ಣಿಗೆ ಅದು ಬೀಳಬಾರದು ಎಂಬ ಒಣ ಜಂಬ. ಜೊತೆಗೆ ನನ್ನ ಅತಿಬುದ್ಧಿ ಬೇರೆ. ಅಂಗೈಯ ಹನಿ ಆರಿದ ಹಾಗೆ ಇದೂ ಬಿಸಿಲಿಗೆ ಆರಿಹೋಗುತ್ತದೆ ಎಂದುಕೊಂಡೆ. ಆರಲಿಲ್ಲ, ಮಣ್ಣಿಗೆ ಇಳಿಯಿತು. ಚರಂಡಿಯ ಆಚೆ ಕಾಂಪೌಂಡು, ಕಾಂಪೌಂಡಿನ ಆಚೆ ಬೈಲಪ್ಪನವರ ಬಾವಿ. ಅದು ನನಗೆ ಗೊತ್ತಿರಲಿಲ್ಲವೇ? ದಿನಾ ಅದೇ ದಾರಿಯಲ್ಲಿ ನಡೆದು ಮನೆಗೆ ಹೋಗುತ್ತಿದ್ದೆ.

ಅಂದಹಾಗೆ ಆ ವಾಹನ ಹಾರಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. 2008ರಲ್ಲಿ ಆರ್ಡರ್ ನಿಂತಿತು, ಪತ್ರವೂ ಬರಲಿಲ್ಲ.

ಹಬ್ಬದ ನಂತರ ಜೋರು ಮಳೆ ಹಿಡಿಯಿತು. ದೀಪಾವಳಿ ಕಳೆದ ವಾರ ಒಂದು ಬೆಳಿಗ್ಗೆ ಕಾವೇರಿ ಕೊಟ್ಟ ತಂಬಿಗೆಯನ್ನು ಬಾಯಿಗೆತ್ತಿದೆ. ಮೂಗಿಗೆ ಸಾಲ್ವೆಂಟಿನ ಆ ಸಿಹಿ ವಾಸನೆ ಬಡಿಯಿತು. ತೀರಾ ಸಣ್ಣಗೆ, ಬೇರೆಯವರಿಗೆ ಹೂವಿನದೋ ಸೋಪಿನದೋ ಅನ್ನಿಸಬಹುದು. ನನ್ನ ಕೈಯಲ್ಲಿ ಒಂದೂವರೆ ವರ್ಷ ಇದ್ದ ವಾಸನೆ ನನಗೆ ಗೊತ್ತಾಗದೆ ಇರುತ್ತದೆಯೇ? ಬಾಗಿಲಾಚೆ ನೋಡಿದೆ. ಬೈಲಪ್ಪನವರು ಆಗಲೇ ಮೊದಲ ಬೊಗಸೆ ಕುಡಿದು, ಬಾಯಿ ಒರೆಸಿಕೊಂಡು, ಜನರಿಗೆ ಹಗ್ಗ ಬಿಟ್ಟುಕೊಟ್ಟಿದ್ದರು.

ಆಗ ಕೂಗಬೇಕಿತ್ತು. ಕುಡೀಬ್ಯಾಡ್ರಿ ಅಂದಿದ್ದರೆ ಸಾಕಿತ್ತು, ಕಾರಣ ಕೂಡ ಹೇಳಬೇಕಿರಲಿಲ್ಲ. ನಾನೇನು ಮಾಡಿದೆ? ತಂಬಿಗೆಯ ನೀರನ್ನು ಮೋರಿಗೆ ಚೆಲ್ಲಿ, ಕಾವೇರಿಗೆ ಮೆಲ್ಲಗೆ, “ಕೂಸಿನ ಹೊಟ್ಟಿಗೆ ಈ ನೀರು ಒಗ್ಗವಲ್ದು, ಇವತ್ತಿಂದ ಫ್ಯಾಕ್ಟರಿ ಬೋರಿನ ನೀರು ತರ್ತೀನಿ,” ಎಂದೆ. ನಮ್ಮ ಮಗಳು ಸೌಂದರ್ಯಾಗೆ ಆಗ ಎರಡು ವರ್ಷ. ದಿನಾ ಸಂಜೆ ಇಪ್ಪತ್ತು ಲೀಟರಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು, ಯಾರೂ ಕೇಳದಿರಲಿ ಎಂದು ಹಿಂದಿನ ಸಂದಿಯಿಂದ ತಂದೆ. ನನ್ನ ಮನೆ ಒಂದು ಉಳಿಯಿತು. ಉಳಿದ ಹತ್ತು ಮನೆ ಕುಡಿಯುತ್ತಲೇ ಇದ್ದವು, ನಾನು ನೋಡುತ್ತಲೇ ಇದ್ದೆ.

ನೌಕರಿ ಹೋಗುತ್ತದೆ ಎಂಬ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆಕಾಶಕ್ಕೆ ವಾಲ್ವು ಮಾಡುವವನು ಎಂದು ಕರೆಸಿಕೊಂಡವನು ಬಾವಿಗೆ ವಿಷ ಹಾಕಿದವನು ಎಂದು ಕರೆಸಿಕೊಳ್ಳಬೇಕಲ್ಲ. ಥೂ, ಆ ಹೆಸರಿನ ಆಸೆಗೆ ಬೆಂಕಿ ಬೀಳ.

ನಾಲ್ಕನೇ ದಿನಕ್ಕೆ ಮಕ್ಕಳಿಗೆ ತಲೆನೋವು, ವಾಂತಿ ಶುರುವಾಯಿತು. ವಾಸನೆ ಈಗ ಬೇರೆಯವರಿಗೂ ಹತ್ತಿತ್ತು. ಬೈಲಪ್ಪನವರು ಬಾವಿಕಟ್ಟೆಯ ಮೇಲೆ ನಿಂತು ಕೂಗಾಡಿದರು. ಮೂರನೇ ಮನೆಯ ಜಟ್ಟೆಮ್ಮ ಬಟ್ಟೆ ಒಗೆಯುವವಳು, ಇಂದಿರಾನಗರದ ಮನೆಗಳಿಗೆ ಹೋಗುತ್ತಿದ್ದಳು. ಅನುಮಾನ ಅವಳ ಮೇಲೆ ಬಂತು.

“ಸೆಂಟು ಸೋಪು ತಂದು ಕಟ್ಟೆ ಹತ್ರ ಒಗ್ದಿದೀಯ ನೀನು! ನಿಜ ಹೇಳು!”

“ಇಲ್ರೀ ಕಾಕಾ, ನನ್ನ ಮಕ್ಕಳ ಆಣಿ, ನಾ ಸೋಪು ಮುಟ್ಟಿಲ್ರೀ,” ಎಂದು ಜಟ್ಟೆಮ್ಮ ಅಳುತ್ತ ನೆಲಕ್ಕೆ ಕೂತಳು. ಅವಳ ಇಬ್ಬರು ಮಕ್ಕಳೂ ಒಳಗೆ ವಾಂತಿ ಮಾಡಿಕೊಂಡು ಮಲಗಿದ್ದರು. ಗಂಡ ಹಂಪಣ್ಣ ತಲೆ ತಗ್ಗಿಸಿ ನಿಂತಿದ್ದ. ನಾನು ಟಿಫಿನ್ ಡಬ್ಬಿ ಹಿಡಿದು ಅವರ ಪಕ್ಕದಿಂದಲೇ ಹಾದು ಕೆಲಸಕ್ಕೆ ಹೋದೆ. ಆ ದಿನ ಇಪ್ಪತ್ತೆರಡು ವಾಲ್ವು ತೊಳೆದೆ, ಒಂದೂ ರಿಜೆಕ್ಟ್ ಆಗಲಿಲ್ಲ.

ಹತ್ತನೇ ದಿನ ಬೈಲಪ್ಪನವರು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿದರು. ಒಳಗೆ ಬೆಕ್ಕೋ ಹೆಗ್ಗಣವೋ ಸತ್ತಿರಬೇಕು, ಹೂಳು ತೆಗೆಯದೆ ಎರಡು ವರ್ಷವಾಯಿತು, ತಪ್ಪು ತಮ್ಮದೇ ಎಂದರು. ಮೋಟಾರು ಹಾಕಿ ನೀರು ಖಾಲಿ ಮಾಡಿದರು. ಕೂಲಿಯವರನ್ನು ಇಳಿಸೋಣ ಎಂದು ಹಂಪಣ್ಣ ಎಂದದ್ದಕ್ಕೆ, “ನಮ್ಮಪ್ಪನ ಬಾವಿಗೆ ಇನ್ನೊಬ್ಬನ್ನ ಇಳಿಸಲ್ಲ,” ಎಂದರು. ಅರವತ್ತೆಂಟು ವಯಸ್ಸು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಸುತ್ತ ನೋಡಿ ನನ್ನನ್ನು ಕರೆದರು. “ಶಿವಪುತ್ರ, ನೀನು ಹಿಡ್ಕೊ. ನಿನ್ನ ಕೈ ಗಟ್ಟಿ.”

ನಾನು ಹಿಡಿದೆ. ನನ್ನ ಹಿಂದೆ ಹಂಪಣ್ಣ. ಕೆಳಗೆ ಏನಿದೆ ಎಂದು ಇಡೀ ವಠಾರದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ಸಾಲ್ವೆಂಟಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ ಎಂದು ನಮ್ಮ ವರ್ಕ್‌ಶಾಪಿನ ಗೋಡೆಯ ಬೋರ್ಡಿನಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು. ಒಂದೊಂದು ಮೆಟ್ಟಿಲಿಗೂ ಬಾಯಿಗೆ ಮಾತು ಬರುತ್ತಿತ್ತು, ನುಂಗುತ್ತಿದ್ದೆ. ಹನ್ನೆರಡನೇ ಮೆಟ್ಟಿಲಿನಿಂದ ಅವರು ಕೆಸರಿಗೆ ಇಳಿದರು. ಎರಡು ಬುಟ್ಟಿ ಹೂಳು ಮೇಲೆ ಬಂತು. ಮೂರನೆಯದು ಬರಲಿಲ್ಲ. ಶೇಷಮ್ಮ ಬಗ್ಗಿ ನೋಡಿ ಚೀರಿದರು.

ಎಳೆದೆವು. ಅಂಗೈ ಸುಲಿದು ರಕ್ತ ಬಂದರೂ ಬಿಡದೆ ಎಳೆದೆ, ಅದಕ್ಕೆ ಜನ ಆಮೇಲೆ ನನ್ನನ್ನೇ ಹೊಗಳಿದರು. ಬೈಲಪ್ಪನವರ ತುಟಿ ಬಿಳಿಚಿತ್ತು, ಮಾತು ತೊದಲುತ್ತಿತ್ತು. ಆಟೋದಲ್ಲಿ ಕೆ.ಆರ್. ಪುರದ ಆಸ್ಪತ್ರೆಗೆ ಒಯ್ದೆವು. ಬಾವಿಯೊಳಗೆ ಕೆಟ್ಟ ಗಾಳಿ ಇತ್ತು, ಇನ್ನೊಂದು ಹತ್ತು ನಿಮಿಷ ಆಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಯಾಕೆ ಕೆಟ್ಟಿತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು, ಗೊತ್ತಿದ್ದವನು ಬೆಂಚಿನ ಮೇಲೆ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಕೂತಿದ್ದೆ.

ಮೂರು ದಿನಕ್ಕೆ ಮನೆಗೆ ಬಂದರು. ಬಂದವರೇ ಬಾವಿಗೆ ಕಲ್ಲು ಚಪ್ಪಡಿ ಹೊದಿಸಿದರು. ವಠಾರಕ್ಕೂ ಟ್ಯಾಂಕರ್ ಬಂತು, ಮಕ್ಕಳು ಚೇತರಿಸಿಕೊಂಡರು. ಇದನ್ನು ಬರೆಯುತ್ತಿರುವುದು 2009ರಲ್ಲಿ, ಆ ಚಪ್ಪಡಿ ಇನ್ನೂ ತೆಗೆದಿಲ್ಲ. ಮಣ್ಣಿಗೆ ಇಳಿದದ್ದು ಎಷ್ಟು ವರ್ಷಕ್ಕೆ ಹೋಗುತ್ತದೆ ಎಂದು ಒಬ್ಬ ತಿಳಿದವರನ್ನು ಕೇಳಿದ್ದೆ. ನಿಮ್ಮ ಮಗಳ ಕಾಲಕ್ಕೂ ಹೋಗಲಿಕ್ಕಿಲ್ಲ ಎಂದರು.

ಚಪ್ಪಡಿ ಹೊದಿಸಿದ ಮರುದಿನ, ಭಾನುವಾರ ಬೆಳಿಗ್ಗೆ, ಬೈಲಪ್ಪನವರು ಮಡಿಸಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಗೋಡೆ ಹಿಡಿಯುತ್ತ ಒಂದನೇ ಮನೆಯಿಂದ ಬಾಗಿಲು ತಟ್ಟುತ್ತ ಬಂದರು. ಏನೆಂದು ನಮಗೆ ತಿಳಿಯಲಿಲ್ಲ. ಜಟ್ಟೆಮ್ಮನ ಮನೆಯ ಮುಂದೆ ಬಹಳ ಹೊತ್ತು ನಿಂತರು, ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮ ಬಾಗಿಲಿಗೆ ಬಂದರು.

“ಶಿವಪುತ್ರ, ಕಾವೇರಮ್ಮ, ಇಬ್ರೂ ಬನ್ನಿ ಇಲ್ಲಿ. ಆರು ವರ್ಷ ನನ್ನ ನಂಬ್ಕೊಂಡು ಕುಡಿದ್ರಿ. ದಿನಾ ಮೊದ್ಲು ನಾನೇ ಕುಡಿದು ನೋಡ್ತಿದ್ದೆ. ನಾಲಿಗೆಗೂ ವಯಸ್ಸಾಯ್ತು ಅಂತ ಕಾಣುತ್ತೆ, ಗೊತ್ತಾಗ್ಲಿಲ್ಲ. ನಿಮ್ಮ ಮಗೀಗೆ ಕೆಟ್ಟ ನೀರು ಕುಡಿಸ್ಬಿಟ್ಟೆ. ತಪ್ಪಾಯ್ತು ಕಣಪ್ಪ.” ನನ್ನ ಅಪ್ಪನಿಗಿಂತ ದೊಡ್ಡವರು, ನನಗೆ ಕೈ ಮುಗಿದರು.

“ಹೋಗ್ಲಿ ಬಿಡ್ರಿ ಕಾಕಾ, ಬೇಕಂತ ಮಾಡಿದ್ದಲ್ಲಲ್ಲ,” ಎಂದೆ. ಕೇಳಿಸಿಕೊಂಡಿರಾ? ನಾನು ಅವರನ್ನು ಕ್ಷಮಿಸಿದೆ.

ಕಾವೇರಿಗೆ ಪಾಪ, ಏನೂ ಗೊತ್ತಿರಲಿಲ್ಲ. ಮುದುಕರ ಸಂಕಟ ನೋಡಲಾರದೆ ಸಮಾಧಾನ ಹೇಳಲು ಹೋದಳು. “ನೀವ್ಯಾಕ ಕೈ ಮುಗೀತೀರಿ ಕಾಕಾ, ನಮಗೇನೂ ಆಗಿಲ್ರೀ. ನಮ್ಮ ಕೂಸು ಆ ನೀರು ಕುಡದೇ ಇಲ್ಲ. ನೀವು ಬಾವ್ಯಾಗ ಇಳಿಯೋ ಒಂಬತ್ತ್ ದಿನ ಮೊದಲೇ ಇವರು ಬ್ಯಾಡ ಅಂದ್ರು. ದಿನಾ ಫ್ಯಾಕ್ಟರಿಯಿಂದ ಕ್ಯಾನ್‌ನಾಗ ತಂದು ಕೊಟ್ಟಾರ.”

ಬೈಲಪ್ಪನವರ ಮುಗಿದ ಕೈಗಳು ನಿಧಾನವಾಗಿ ಕೆಳಗಿಳಿದವು. ನನ್ನ ಮುಖ ನೋಡಿದರು.

“ಒಂಬತ್ತು ದಿನ ಮೊದ್ಲೇ ಗೊತ್ತಿತ್ತಾ?”

“ಹೌದು ಕಾಕಾ.”

“ಹಗ್ಗ ನೀನೇ ಅಲ್ವೇನಪ್ಪ ಹಿಡಿದಿದ್ದು?”

“ಹೌದು.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ನಾನು ಬಹುಶಃ ಎಲ್ಲವನ್ನೂ ಕಕ್ಕಿಬಿಡುತ್ತಿದ್ದೆ. ಅವರು ಕಾವೇರಿಯ ಕಂಕುಳಲ್ಲಿದ್ದ ಮಗುವನ್ನು ನೋಡಿ, “ಇದೊಂದಾದ್ರೂ ಕುಡೀಲಿಲ್ವಲ್ಲ, ಸಾಕು,” ಎಂದರು. ಮತ್ತೆ ಗೋಡೆ ಹಿಡಿದು ಎಂಟನೇ ಮನೆಯ ಬಾಗಿಲು ತಟ್ಟಿದರು. “ತಪ್ಪಾಯ್ತು ಕಣಮ್ಮ, ನಿಮ್ಗೆ ಕೆಟ್ಟ ನೀರು ಕುಡಿಸ್ಬಿಟ್ಟೆ.” ಒಂಬತ್ತರಲ್ಲೂ ಅದೇ ಮಾತು, ಹತ್ತರಲ್ಲೂ ಅದೇ. ನನ್ನ ಹೆಸರು ಎಲ್ಲೂ ಎತ್ತಲಿಲ್ಲ. ಹನ್ನೊಂದನೇ ಬಾಗಿಲು ಮುಗಿಯುವವರೆಗೂ ನಾನು ಹೊಸ್ತಿಲಲ್ಲೇ ನಿಂತಿದ್ದೆ. ತಪ್ಪು ಅವರದಲ್ಲ, ನನ್ನದು ಎಂದು ಕೂಗಿ ಹೇಳಲು ನನಗೆ ನಾಲ್ಕು ಬಾಗಿಲುಗಳಷ್ಟು ಸಮಯವಿತ್ತು.